ಭಾವನ ದಪ್ಪಕ್ಷರ

ಗೋಡೆಗೆ ಹಾಕುವ ಒಂದು ಫಲಕಕ್ಕೆ ಏನು ಖರ್ಚಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಅಕ್ಷರದಲ್ಲಾದರೆ ಒಂದು ಕಾಫಿಯ ಬೆಲೆ. ಓರೆ ಅಕ್ಷರದಲ್ಲಾದರೆ ಎರಡು ಕಾಫಿ, ಯಾಕೆಂದರೆ ಅದಕ್ಕೆ ಒನಪು ಜಾಸ್ತಿ. ದಪ್ಪಕ್ಷರದಲ್ಲಾದರೆ ಎರಡು ಕಾಫಿಯ ಜೊತೆಗೆ ಒಂದು ಊಟ. ಅದು ಮಸಿ ಕುಡಿಯುತ್ತದೆ ಎಂದು ಪ್ರೆಸ್ಸಿನವರ ವಾದ. ರಟ್ಟಿನದು ಬೇರೆ. ಪೂರ್ಣವಿರಾಮ ಪುಕ್ಕಟೆ. ಗೋಡೆಗೆ ಬಡಿದ ಮೊಳೆಗಳು ನನ್ನ ಅಂಗಡಿಯವು; ಅವನ್ನು ಭಾವನ ಲೆಕ್ಕಕ್ಕೆ ಬರೆಯುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂದು ಗೋದಾಮಿನಲ್ಲಿ ಜೀವಮಾನವಿಡೀ ತೂಕ ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಹಾಗಾಗಿ ಈ ಲೋಕದಲ್ಲಿ ಅವರಿಗೆ ನಂಬಿಕೆ ಇರುವುದು ತೂಕದ ಮೇಲೆ ಮಾತ್ರ. ಬೀಗ ಕೊಂಡರೂ ಕೊಡೆ ಕೊಂಡರೂ ಮೊದಲು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ ನೋಡುತ್ತಾರೆ. ಒಮ್ಮೆ ಡಾಕ್ಟರು ಮಾತ್ರೆ ಬರೆದುಕೊಟ್ಟಾಗ, ಇಷ್ಟು ಹಗುರ ಇದ್ದರೆ ಗುಣ ಹೇಗಾಗುತ್ತೆ ಎಂದು ಔಷಧಿ ಅಂಗಡಿಯಲ್ಲಿ ತಕರಾರು ತೆಗೆದಿದ್ದರು.

ಅವರ ಇನ್ನೊಂದು ಗುಣ ಕೃತಜ್ಞತೆ. ಅದು ಒಂದು ಹದದಲ್ಲಿದ್ದರೆ ಗುಣ ಎನ್ನಬಹುದು. ಬಸ್ಸು ಇಳಿಯುವಾಗ ಚಾಲಕನಿಗೆ ಕೃತಜ್ಞತೆ ಹೇಳುತ್ತ ನಿಂತು ಮುಂದಿನ ನಿಲ್ದಾಣದಲ್ಲಿ ಇಳಿದದ್ದುಂಟು. ಕ್ಷೌರದ ಅಂಗಡಿಯಲ್ಲಿ ಕತ್ತರಿ ಆಡುತ್ತಿರುವಾಗಲೇ ತಿರುಗಿ ಉಪಕಾರ ಸ್ಮರಣೆ ಮಾಡಲು ಹೋಗಿ ಕಿವಿಗೆ ಪಟ್ಟಿ ಹಾಕಿಸಿಕೊಂಡದ್ದೂ ಉಂಟು. ಪಟ್ಟಿ ಹಾಕಿದವನಿಗೂ ಕೃತಜ್ಞತೆ ಸಂದಿತು.

ಇಂಥ ಭಾವನಿಗೆ ಹೋದ ವರ್ಷ ಬಲ ಮಂಡಿ ಕೈಕೊಟ್ಟಿತು. ಅಕ್ಕ ಭಾವ ಇರುವುದು ನಾಲ್ಕನೇ ಮಹಡಿಯಲ್ಲಿ. ಕಟ್ಟಡ ಹಳೆಯದು, ಲಿಫ್ಟು ಇಲ್ಲ. ಒಂದೇ ಉಸಿರಿಗೆ ಎರಡು ಮಹಡಿಗಿಂತ ಜಾಸ್ತಿ ಹತ್ತಕೂಡದು, ನಡುವೆ ಕಾಲು ಚಾಚಿ ಕೂತು ಸುಧಾರಿಸಿಕೊಳ್ಳಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಮೆಟ್ಟಿಲ ಮೇಲೆ ಕೂರಲು ಹೋದರೆ ಮಂಡಿ ಮಡಚುವುದಿಲ್ಲ, ಮಡಚಿದರೆ ಬಿಚ್ಚುವುದಿಲ್ಲ. ಅವರ ಅಳಿಯ ಊರಿನ ಆ ತುದಿಯಲ್ಲಿ ನೆಲಮಹಡಿಯ ಒಂದು ಮನೆ ನೋಡಿಯೇಬಿಟ್ಟ. ಅದರ ಕಿಟಕಿ ತೆರೆದರೆ ಮೋಟಾರು ಗ್ಯಾರೇಜಿನ ಹಿಂಗೋಡೆ. ಅಕ್ಕ ಹೋಗಿ ನೋಡಿ ಬಂದು, ಚೆನ್ನಾಗೇ ಇದೆ, ಹಗಲಲ್ಲೂ ದೀಪ ಹಾಕ್ಕೊಂಡ್ರೆ ಎಲ್ಲ ಕಾಣುತ್ತೆ ಎಂದಳು. ನನ್ನ ಅಕ್ಕ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಾಲ್ಕನೇ ಮಹಡಿಯ ಮನೆಗೆ ಮೂರು ಕಡೆ ಕಿಟಕಿ. ಬೆಳಗಿನ ಬಿಸಿಲು ಒಲೆಯ ಮೇಲೆ, ಸಂಜೆಯದು ಹೊಲಿಗೆ ಯಂತ್ರದ ಮೇಲೆ. ಮದುವೆಯಾಗಿ ಬಂದ ದಿನದಿಂದ ಅವಳು ಆ ಬಿಸಿಲಿನ ಹಿಂದೆಯೇ ಮನೆಯೊಳಗೆ ಓಡಾಡಿಕೊಂಡು ಬದುಕಿದವಳು.

ಆಗ ಕಾಪಾಡಿದ್ದು ಎರಡನೇ ಮಹಡಿಯ ಟೀಚರಮ್ಮ. ಗಂಡ ತೀರಿಕೊಂಡು, ಶಾಲೆಯಿಂದಲೂ ನಿವೃತ್ತರಾಗಿ ಒಬ್ಬರೇ ಇದ್ದರು. ಒಂದು ದಿನ ತಮ್ಮ ಮನೆಯಿಂದ ಕೈಯಿರುವ ಒಂದು ಮರದ ಕುರ್ಚಿಯನ್ನು ದರದರ ಎಳೆದು ತಂದು, ಮೆಟ್ಟಿಲು ತಿರುಗುವ ಜಾಗದಲ್ಲಿ, ತಮ್ಮ ಬಾಗಿಲಿಗೆ ಎದುರಾಗಿ ಹಾಕಿದರು. ಭಾವನಿಗೆ ಹೇಳಿದ್ದು ಇಷ್ಟೇ: "ಕೂತು ಹೋಗಿ. ನನ್ನ ಬಾಗಿಲ ಮುಂದೆ ರೈಲಿನ ಹಾಗೆ ಉಸಿರು ಬಿಟ್ಕೊಂಡು ಹೋದ್ರೆ ನನಗೆ ಮಧ್ಯಾಹ್ನ ನಿದ್ದೆ ಬರಲ್ಲ."

ಕುರ್ಚಿ ಬಂದದ್ದೇ ಅಳಿಯನಿಗೆ ಸದ್ಯಕ್ಕೆ ಬೇಡ ಎಂದು ಸುದ್ದಿ ಹೋಯಿತು. ಭಾವ ಎರಡು ಮಹಡಿ ಹತ್ತಿ, ಕೂತು, ಟೀಚರಮ್ಮನ ಮುಚ್ಚಿದ ಬಾಗಿಲಿಗೆ ಕೈಮುಗಿದು, ಇನ್ನೆರಡು ಮಹಡಿ ಹತ್ತಿ ಮನೆ ಸೇರುತ್ತಿದ್ದರು.

ಆದರೆ ಮೆಟ್ಟಿಲ ಮೇಲೆ ಖಾಲಿ ಕುರ್ಚಿ ಕಂಡರೆ ಜನ ಸುಮ್ಮನಿರುತ್ತಾರೆಯೇ? ಮೊದಲು ಅದರ ಮೇಲೆ ಹಳೆಯ ಪೇಪರು ಬಂದು ಕೂತವು. ಆಮೇಲೆ ಬಕೆಟ್ಟು, ಆಮೇಲೆ ಒದ್ದೆ ಕೊಡೆ. ಒಂದು ದಿನ ಭಾವ ಏದುಸಿರು ಬಿಡುತ್ತ ಬಂದು, ಕಣ್ಣು ಮುಚ್ಚಿ, ಸದ್ಯ ಬದುಕಿದೆ ಎಂದು ಧೊಪ್ಪನೆ ಕೂತರೆ ಕೆಳಗಿದ್ದದ್ದು ಮೊಟ್ಟೆಯ ಬುಟ್ಟಿ. ಮೊಟ್ಟೆ ಯಾರದೆಂದು ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ.

ಒಂದು ಫಲಕ ಹಾಕಬೇಕು ಎಂದು ತೀರ್ಮಾನವಾಯಿತು. ಭಾವ ಕೂತು ಒಂದು ಪುಟ ಬರೆದರು. ಈ ಕುರ್ಚಿ ಎರಡನೇ ಮಹಡಿಯ ಟೀಚರಮ್ಮನವರ ಔದಾರ್ಯವೆಂದೂ, ಇದರಿಂದಾಗಿ ತಾವು ದಿನವೂ ಸ್ವಂತ ಕಾಲಿನ ಮೇಲೆ ಮನೆ ಸೇರುತ್ತಿರುವುದಾಗಿಯೂ, ತಮ್ಮ ಹಾಗೆ ದಣಿದು ಬಂದವರು ಯಾರೇ ಆಗಲಿ ದಯವಿಟ್ಟು ಇಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕೆಂದೂ, ಸಾಮಾನು ಇಡಬಾರದೆಂದೂ, ಮುಖ್ಯವಾಗಿ ಮೊಟ್ಟೆ ಇಡಬಾರದೆಂದೂ ಅದರ ಸಾರಾಂಶ. ಆ ಪುಟ ಹಿಡಿದುಕೊಂಡು ನನ್ನನ್ನೂ ಕರೆದುಕೊಂಡು ನನ್ನ ಅಂಗಡಿಯ ಪಕ್ಕದ ಪ್ರೆಸ್ಸಿಗೆ ಹೋದರು.

ಪ್ರೆಸ್ಸಿನವರು ನನ್ನ ಹಳೆಯ ನೆರೆಯವರು. ನಾನು ಮಾರುವುದೂ ಮೊಳೆ, ಅವರು ಜೋಡಿಸುವುದೂ ಮೊಳೆ; ನನ್ನ ಮೊಳೆ ಬಡಿದ ಮೇಲೆ ಸುಮ್ಮನಿರುತ್ತದೆ, ಅವರದು ಅಚ್ಚಾದ ಮೇಲೆ ಮಾತಾಡುತ್ತದೆ, ಅಷ್ಟೇ ವ್ಯತ್ಯಾಸ ಎಂದು ಅವರು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಪ್ರತಿ ಸಲವೂ ಅದೇ ಮೊದಲು ಹೊಳೆದ ಹಾಗೆ ತಾವೇ ನಗುತ್ತಾರೆ. ಅವರು ಒಂದೊಂದೇ ಅರೆ ಎಳೆದು ಅಕ್ಷರಗಳ ಪರಿಚಯ ಮಾಡಿಕೊಟ್ಟರು, ಮನೆಯ ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ತೋರಿಸುವ ಹಾಗೆ. ಇದು ಸಣಕಲು, ಔಷಧಿ ಚೀಟಿಗೆ. ಇದು ಓರೆ, ಮದುವೆ ಪತ್ರಿಕೆಗೆ, ಸುಗಂಧದೆಣ್ಣೆಗೆ; ಬಳುಕುತ್ತದೆ, ಜವಾಬ್ದಾರಿ ಕೊಟ್ಟರೆ ನಿಭಾಯಿಸುವುದಿಲ್ಲ. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಅರೆಯನ್ನು ಎರಡೂ ಕೈಯಲ್ಲಿ ಎಳೆದರು. ಅದರಿಂದ ಒಂದು ಅಕ್ಷರ ತೆಗೆದು ಭಾವನ ಅಂಗೈಯಲ್ಲಿಟ್ಟರು.

ಭಾವ ಅಭ್ಯಾಸದಂತೆ ಅದನ್ನು ಮೇಲೆ ಕೆಳಗೆ ಆಡಿಸಿದರು. ಅವರ ಮುಖ ಅರಳಿತು.

"ನೋಡಿ ಸ್ವಾಮಿ," ಎಂದರು ಪ್ರೆಸ್ಸಿನವರು. "ಇದು ಹಳೇ ಕಾಲದ ದಪ್ಪಕ್ಷರ. ಮೈ ದಪ್ಪ, ಸಂದು ಸಣ್ಣ, ಪ್ರತಿ ಗೆರೆ ಮುಗಿಯೋ ಕಡೆ ಒಂದು ಪುಟ್ಟ ಪಾದ. ಬೇರೆ ಅಕ್ಷರ ಎಲ್ಲ ಕಾಗದದ ಮೇಲೆ ತೇಲ್ತವೆ, ಇದು ಕಾಲೂರಿ ನಿಲ್ಲುತ್ತೆ. ಕೋರ್ಟಿನ ಬಾಗಿಲು, ಬ್ಯಾಂಕಿನ ಹಣೆ, ಪೇಪರಿನ ಹೆಸರು, ಸಮಾಧಿ ಕಲ್ಲು, ವಿಷದ ಬಾಟಲಿ, ಎಲ್ಲ ಕಡೆ ಇದೇ. ಇದು ಏನು ಹೇಳಿದ್ರೂ ಜನ ಎದುರಾಡಲ್ಲ."

ಉದಾಹರಣೆಗೂ ಕೊರತೆ ಇರಲಿಲ್ಲ. ಒಬ್ಬರು ಹಟ ಮಾಡಿ ಮಗಳ ಮದುವೆ ಪತ್ರಿಕೆಯನ್ನು ಇದೇ ಅಕ್ಷರದಲ್ಲಿ ಹಾಕಿಸಿದರಂತೆ. ಬಂದ ನೆಂಟರೆಲ್ಲ ಸಾಲಾಗಿ ನಿಂತು, ತಗ್ಗಿದ ದನಿಯಲ್ಲಿ ಧೈರ್ಯ ತಂದುಕೊಳ್ಳಿ ಎಂದು ಹುಡುಗಿಯ ತಂದೆಗೆ ಹೇಳಿ, ಊಟಕ್ಕೆ ಕೂರದೆ ಹೋದರಂತೆ.

ಈ ಎಚ್ಚರಿಕೆ ಭಾವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅಕ್ಷರ ಇನ್ನೂ ಅವರ ಅಂಗೈಯಲ್ಲೇ ಇತ್ತು. ಇದೇ ಇರಲಿ, ಟೀಚರಮ್ಮನ ಉಪಕಾರಕ್ಕೆ ತೂಕ ಇರೋ ಅಕ್ಷರವೇ ಬೇಕು ಎಂದರು.

ಆಮೇಲೆ ಪುಟ ತೂಗಿ ನೋಡುವ ಕೆಲಸ ಶುರುವಾಯಿತು. ಪ್ರೆಸ್ಸಿನವರ ಬಳಿ ಆ ದೊಡ್ಡ ಅಕ್ಷರಗಳು ಇದ್ದದ್ದೇ ಕೆಲವು. ಒಂದು ಪುಟ ಇರಲಿ, ಒಂದು ಸಾಲಿಗೂ ಸಾಲವು. ಟೀಚರಮ್ಮನ ಔದಾರ್ಯ ಮೊದಲು ಹೋಯಿತು. ಸ್ವಂತ ಕಾಲು ಹೋಯಿತು. ಮೊಟ್ಟೆ ಹೋಯಿತು. ಭಾವ ಪ್ರತಿಯೊಂದಕ್ಕೂ ಹಲ್ಲು ಕೀಳಿಸಿಕೊಂಡವರ ಹಾಗೆ ಮುಖ ಮಾಡಿದರು. ಕೊನೆಗೆ 'ದಯವಿಟ್ಟು ಇಲ್ಲಿ ಕುಳಿತುಕೊಳ್ಳಿ' ಎಂಬಲ್ಲಿಗೆ ಬಂದು ನಿಂತಾಗ, ಪ್ರೆಸ್ಸಿನವರು ದಯವಿಟ್ಟುವಿನ ಮೇಲೆ ಬೆರಳಿಟ್ಟರು.

"ಇದು ಈ ಅಕ್ಷರದ ಬಾಯಲ್ಲಿ ಬರಲ್ಲ ಸ್ವಾಮಿ. ಪೈಲ್ವಾನರು ಪಿಸುಗುಟ್ಟಿದ ಹಾಗಿರುತ್ತೆ. ಬೇಕಿದ್ರೆ ಇದರ ಬದಲಿಗೆ ಒಂದು ಪೂರ್ಣವಿರಾಮ ಹಾಕಿಕೊಡ್ತೀನಿ, ಪುಕ್ಕಟೆ."

ಪುಕ್ಕಟೆ ಎಂದ ಮೇಲೆ ಭಾವ ಕೃತಜ್ಞತೆ ಹೇಳಿ ಒಪ್ಪಿಕೊಂಡರು. ಪೂರ್ಣವಿರಾಮವೂ ಸಾಮಾನ್ಯದ್ದಲ್ಲ; ಅಂಗಿಯ ಗುಂಡಿಯಷ್ಟಿತ್ತು. ಮರುದಿನ ಬೆಳಗ್ಗೆ ಕುರ್ಚಿಯ ಮೇಲಿನ ಗೋಡೆಗೆ ನಾನೇ ಬಡಿದು ಬಂದೆ:

ಇಲ್ಲಿ ಕುಳಿತುಕೊಳ್ಳಿ.

ಅದರ ಕೆಳಗೆ ನಿಂತು ನೋಡಿದಾಗ, ಸುಳ್ಳು ಯಾಕೆ, ನನಗೂ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಬೇಕು ಅನ್ನಿಸಿತು.

ಅದೇ ದಿನ ಅಕ್ಕನಿಗೆ ಹೊಲಿಗೆ ಯಂತ್ರದ ಪಟ್ಟಿ ಕೊರಿಯರಿನಲ್ಲಿ ಬರಬೇಕಿತ್ತು. ಕೊರಿಯರಿನವನು ಬಂದು ತಲುಪಿದ್ದಾಗಿ ಫೋನು ಮಾಡಿದ. ಮೇಲೆ ಮಾತ್ರ ಬರಲಿಲ್ಲ. ಅಕ್ಕ ಕಾದು ಕಾದು ಇಳಿದು ಹೋಗಿ ನೋಡಿದರೆ ಅವನು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತಿದ್ದ. ಯಾಕಪ್ಪಾ ಇಲ್ಲಿ ಕೂತೆ ಎಂದರೆ ಗೋಡೆ ತೋರಿಸಿದ. ಕರೀತಾರೆ ಅಂತ ಕಾಯ್ತಿದ್ದೆ ಎಂದ. ಅವನ ಹಿಂದೆ ಗೋಡೆಗೆ ಒರಗಿ ಗ್ಯಾಸ್ ಸಿಲಿಂಡರಿನವನು ನಿಂತಿದ್ದ. ಅವನಿಗೆ ಯಾರು ಕರೆಯುತ್ತಾರೆ, ಯಾಕೆ ಕರೆಯುತ್ತಾರೆ ಒಂದೂ ಗೊತ್ತಿರಲಿಲ್ಲ. ಮುಂದೆ ಒಬ್ಬ ಕೂತಿದ್ದಾನೆ ಎಂಬುದು ಅವನಿಗೆ ಸಾಕಾಗಿತ್ತು.

ಬೇರೆ ಕಡೆಯವರು ಏನೋ ತಿಳಿಯದೆ ಕೂತರು ಎನ್ನೋಣ. ಮೂರನೇ ಮಹಡಿಯ ಕಾರ್ಯದರ್ಶಿಗಳು ಕೂತದ್ದಕ್ಕೆ ಏನು ಹೇಳುವುದು? ಅವರು ಆ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ, ಅಲ್ಲೇ ಇಪ್ಪತ್ತು ವರ್ಷದಿಂದ ಇರುವವರು, ನಿಯಮ ಎಂದರೆ ಪ್ರಾಣ. ಅವರು ಸಂಜೆ ಆಫೀಸಿನಿಂದ ಬಂದು ಫಲಕ ಓದಿ, ಸುತ್ತ ನೋಡಿ, ಚೀಲ ಮಡಿಲಲ್ಲಿಟ್ಟುಕೊಂಡು ಕೂತರಂತೆ. ತಮ್ಮ ಮನೆಗೆ ಹೋಗಲು ಯಾರ ಅಪ್ಪಣೆ ಬೇಕು ಎಂಬ ಯೋಚನೆ ಬರಲು ಅವರಿಗೆ ಒಂದು ಪೇಪರು ಪೂರ್ತಿ ಓದುವಷ್ಟು ಹೊತ್ತು ಹಿಡಿಯಿತು.

ಸುದ್ದಿ ಬೀದಿಗೆ ಹರಡಿತು. ಆ ಕಟ್ಟಡದ ಎರಡನೇ ಮಹಡಿಯಲ್ಲಿ ಯಾವುದೋ ಹೊಸ ಕಚೇರಿ ತೆರೆದಿದ್ದಾರೆ, ಕುರ್ಚಿ ಹಾಕಿದ್ದಾರೆ, ಜನರನ್ನು ನೋಡುತ್ತಾರೆ ಎಂದು ನನ್ನ ಅಂಗಡಿಗೆ ಚಿಲಕ ಕೊಳ್ಳಲು ಬಂದವರೇ ನನಗೆ ಹೇಳಿದರು. ಬೀದಿ ದೀಪ ಉರಿಯುತ್ತಿಲ್ಲ ಎಂದು ಒಬ್ಬರು ಅರ್ಜಿ ತಂದರು. ಪಕ್ಕದ ಮನೆಯ ನಾಯಿಯ ಮೇಲೆ ಇನ್ನೊಬ್ಬರು ತಂದರು. ಕುರ್ಚಿಯಲ್ಲಿ ಒಬ್ಬರು, ಮೆಟ್ಟಿಲುದ್ದಕ್ಕೂ ಉಳಿದವರು. ಸದ್ದಿಲ್ಲ, ಗಲಾಟೆಯಿಲ್ಲ, ಆಸ್ಪತ್ರೆಯ ಹಾಗೆ.

ಎದುರಿಗೆ ಇದ್ದದ್ದು ಟೀಚರಮ್ಮನ ಬಾಗಿಲೊಂದೇ. ಅದು ತೆರೆದಾಗಲೆಲ್ಲ ಎಲ್ಲರೂ ಎದ್ದು ನಿಂತು ಕಾಗದ ಚಾಚುತ್ತಿದ್ದರು. ಮೊದಲ ದಿನ ಅವರು ಗದರಿ ಬಾಗಿಲು ಹಾಕಿಕೊಂಡರು. ಎರಡನೇ ದಿನ, ಸರಿ, ಏನು ಬರೆದಿದ್ದೀಯ ನೋಡೋಣ ಎಂದು ಒಂದು ಅರ್ಜಿ ಕೈಗೆ ತೆಗೆದುಕೊಂಡರು. ಜೀವಮಾನವಿಡೀ ಮಕ್ಕಳ ಪುಸ್ತಕ ತಿದ್ದಿದ ಕೈ, ಸುಮ್ಮನಿರಲಿಲ್ಲ. ಬೀದಿ ದೀಪದವನಿಗೆ ಎಲ್ಲಿ ಹೋಗಬೇಕು, ಯಾರನ್ನು ಕಾಣಬೇಕು ಎಂದು ಹೇಳಿ ಕಳಿಸಿದರು. ನಾಯಿಯವರಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಬೈದು ರಾಜಿ ಮಾಡಿಸಿದರು. ಮೂರನೇ ದಿನ ಬೆಳಗ್ಗೆ ನಾನು ಅಕ್ಕನ ಮನೆಗೆ ಹೋಗುವಾಗ ಟೀಚರಮ್ಮ ಕನ್ನಡಕ ಹಾಕಿಕೊಂಡು, ಕೂದಲು ಬಾಚಿಕೊಂಡು ಬಾಗಿಲಲ್ಲಿ ನಿಂತು, "ಮುಂದಿನವರು" ಎನ್ನುತ್ತಿದ್ದರು. ಅವರ ಕೆನ್ನೆಯಲ್ಲಿ ಅಷ್ಟು ರಂಗು ನಾನು ಹಿಂದೆ ನೋಡಿರಲಿಲ್ಲ.

ಇದೆಲ್ಲದರಲ್ಲಿ ಕೆಟ್ಟದ್ದು ಒಬ್ಬರಿಗೆ ಮಾತ್ರ. ಕುರ್ಚಿ ಯಾರಿಗಾಗಿ ಬಂತೋ ಅವರಿಗೆ ಕುರ್ಚಿ ಸಿಗದಾಯಿತು.

ಭಾವ ತರಕಾರಿ ಚೀಲ ಹಿಡಿದು ಎರಡು ಮಹಡಿ ಹತ್ತಿ ಬಂದರೆ ಮೆಟ್ಟಿಲ ತುಂಬ ಜನ. ಸ್ವಲ್ಪ ಕೂರಬಹುದೇ ಎಂದು ಕೇಳಿದ್ದಕ್ಕೆ, ನಾವೇನು ಇಲ್ಲಿ ಚಂದ ನೋಡೋಕೆ ನಿಂತಿದ್ದೀವಾ, ಸಾಲಲ್ಲಿ ಬನ್ನಿ ಯಜಮಾನ್ರೇ ಎಂದು ಒಬ್ಬರು ಹೇಳಿದರು. ಭಾವ ಅವರಿಗೆ ಕೃತಜ್ಞತೆ ಹೇಳಿ ಸಾಲಿನ ಕೊನೆಗೆ ಹೋಗಿ ನಿಂತರು. ಒಂಟಿ ಕಾಲಿನ ಮೇಲೆ. ಕಾಯಿಪಲ್ಯಕ್ಕೆ ಕಾದು ಕಾದು ಅಕ್ಕ ಇಳಿದು ಬರುವ ಹೊತ್ತಿಗೆ ಸಾಲು ಕರಗಿ, ಅವರು ಕುರ್ಚಿಗೆ ತಲುಪಿ, ಕೂತಿದ್ದರು. ಸುತ್ತ ಯಾರೂ ಇರಲಿಲ್ಲ. ಟೀಚರಮ್ಮ ಊಟಕ್ಕೆ ಒಳಗೆ ಹೋಗಿದ್ದರು. ಭಾವ ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತೇ ಇದ್ದರು.

"ಇಲ್ಲೇನ್ರೀ ಮಾಡ್ತಿದ್ದೀರಿ?"

"ಇನ್ನೂ ಕರೆದಿಲ್ಲ ಕಣೇ," ಎಂದರು ಭಾವ.

ಅಕ್ಕ ಫಲಕವನ್ನೂ ಗಂಡನನ್ನೂ ಒಂದು ಸಲ ನೋಡಿದಳು. "ನಾನು ಕರೀತಿದ್ದೀನಿ, ಏಳಿ," ಎಂದಳು. ಆ ರಾತ್ರಿ ಮಂಡಿ ಕುಂಬಳಕಾಯಿಯ ಹಾಗೆ ಊದಿತು. ಅಳಿಯ ಮತ್ತೆ ಫೋನು ಮಾಡಿ, ಗ್ಯಾರೇಜಿನ ಪಕ್ಕದ ಮನೆ ಇನ್ನೂ ಖಾಲಿ ಇದೆ, ಈ ತಿಂಗಳ ಕೊನೆಗೆ ಹೇಳಿಬಿಡಿ ಎಂದ.

ಫಲಕ ಕಿತ್ತುಹಾಕಿಬಿಡಿ ಭಾವ ಎಂದು ನಾನು ಹೇಳಿದೆ. ಅವರಿಗೂ ಮನಸ್ಸಿತ್ತು. ಆದರೆ ಹೋಗಿ ಅದರ ಮುಂದೆ ನಿಂತವರು ಹಾಗೇ ವಾಪಸು ಬಂದರು. ಯಾಕೆ ಎಂದರೆ, ಕೀಳಬಹುದೋ ಇಲ್ಲವೋ ಯಾರನ್ನಾದರೂ ಕೇಳಬೇಕು ಅನ್ನಿಸಿತು ಎಂದರು.

ಅಷ್ಟರಲ್ಲಿ ಕಾರ್ಯದರ್ಶಿಗಳು ಮುಂದೆ ಹೋಗಿಬಿಟ್ಟಿದ್ದರು. ಮೆಟ್ಟಿಲ ಮೇಲೆ ಅಡಚಣೆ ಇದೆ ಎಂದು ನಗರಸಭೆಗೆ ದೂರು ಕೊಟ್ಟಿದ್ದರು. ದೂರು ಕುರ್ಚಿಯ ಮೇಲೆ, ಫಲಕದ ಮೇಲಲ್ಲ. ಫಲಕವನ್ನು ನಗರಸಭೆಯೇ ಹಾಕಿದೆ ಎಂದು ಅವರ ನಂಬಿಕೆ, ಅದರ ಮೇಲೆ ದೂರು ಕೊಡುವಷ್ಟು ಧೈರ್ಯ ಅವರಿಗಿರಲಿಲ್ಲ. ಬೆಂಕಿ ಬಿದ್ದರೆ ಜನ ಓಡಬೇಕಾದ ದಾರಿಯಲ್ಲಿ ಯಾವ ವಸ್ತುವೂ ನಿಂತಿರಬಾರದು ಎಂಬ ನಿಯಮವಿದೆ. ನಿಯಮ ನ್ಯಾಯವಾದದ್ದೇ, ನಾನೇನೂ ಅದಕ್ಕೆ ವಿರೋಧಿಯಲ್ಲ.

ನಗರಸಭೆಯ ಇನ್ಸ್‌ಪೆಕ್ಟರು ಕುರ್ಚಿ ಎತ್ತಿಸಲು ಬಂದರು. ತುಂಬು ದೇಹ, ಕಂಕುಳಲ್ಲಿ ಕಡತ. ಎರಡು ಮಹಡಿ ಹತ್ತಿ ಮುಖ ಒರೆಸಿಕೊಂಡು ತಲೆಯೆತ್ತಿ ಫಲಕ ಓದಿದರು. ಓದಿ ಕೂತರು. ಕೂತ ಮೇಲೆ ತಾವು ಕುರ್ಚಿ ಎತ್ತಿಸಲು ಬಂದವರು ಎಂದು ನೆನಪಾಯಿತು. ಇದನ್ನು ಹಾಕಿದ್ದು ಯಾವ ಕಚೇರಿ ಎಂದು ಕೂತಲ್ಲಿಂದಲೇ ಕೇಳಿದರು. ನಿಮ್ಮದಲ್ಲವೇ ಎಂದರು ಕಾರ್ಯದರ್ಶಿಗಳು. ಇನ್ಸ್‌ಪೆಕ್ಟರ ಮುಖ ಗಂಭೀರವಾಯಿತು. ಅಂಥ ಅಕ್ಷರ ಇರುವುದು ತಮ್ಮ ಆಯುಕ್ತರ ಬಾಗಿಲಿನ ಮೇಲೆ ಮಾತ್ರ, ತಮ್ಮ ಬಾಗಿಲಿನ ಮೇಲೆ ಸಣಕಲು ಅಕ್ಷರ ಎಂದು ಒಪ್ಪಿಕೊಂಡರು. ಮೇಲಿನವರ ಆಜ್ಞೆ ಇರುವ ಕುರ್ಚಿಯನ್ನು ಬರಿಗೈಯಲ್ಲಿ ಎತ್ತಲಾಗದು, ಅದಕ್ಕೆ ಪ್ರತಿಯಾಗಿ ಅಷ್ಟೇ ತೂಕದ ಇನ್ನೊಂದು ಆಜ್ಞೆ ಬೇಕು ಎಂದು ಹೇಳಿ, ಕುರ್ಚಿಗೆ ಬೆನ್ನು ತೋರಿಸದೆ ಇಳಿದು ಹೋದರು.

ಹೋದದ್ದು ಎಲ್ಲಿಗೆ? ಊರಲ್ಲಿರುವುದು ಒಂದೇ ಪ್ರೆಸ್ಸು. ನಾನು ಬಿಸಿಲಿಗೆ ಅಂಗಡಿಯ ಪರದೆ ಇಳಿಸುತ್ತಿದ್ದೆ, ಎಲ್ಲ ಕೇಳಿಸಿತು. ಇನ್ಸ್‌ಪೆಕ್ಟರು ಬರೆದು ತಂದಿದ್ದರು: 'ಈ ಸ್ಥಳದಲ್ಲಿ ಇರಿಸಲಾಗಿರುವ ಕುರ್ಚಿಯನ್ನು ತತ್‌ಕ್ಷಣವೇ ತೆರವುಗೊಳಿಸತಕ್ಕದ್ದು.' ಅದೇ ದಪ್ಪಕ್ಷರದಲ್ಲಿ ಬೇಕು ಎಂದರು. ಪ್ರೆಸ್ಸಿನವರು ಅರೆ ಎಳೆದು ಎಣಿಸಿ, ಇಷ್ಟಕ್ಕೆಲ್ಲ ಮೊಳೆ ಸಾಲಲ್ಲ ಸಾರ್, 'ಕುರ್ಚಿ ತೆಗೆಯಿರಿ' ಅಂತ ಹಾಕಲೇ ಎಂದು ಕೇಳಿದರು. ಇನ್ಸ್‌ಪೆಕ್ಟರಿಗೆ ಅವಮಾನವಾಯಿತು. ಕಚೇರಿ ಭಾಷೆಯಲ್ಲಿ ಒಂದು ಅಕ್ಷರ ಮೊಟಕು ಮಾಡಿದರೂ ಆಜ್ಞೆ ಬಿದ್ದುಹೋಗುತ್ತದೆ ಎಂದರು. ನನ್ನ ಭಾವ ತಮ್ಮ ಎದೆಯೊಳಗಿನ ಕೃತಜ್ಞತೆಯನ್ನೇ ಎರಡು ಪದಕ್ಕೆ ಇಳಿಸಿದ್ದರು. ಇವರು ಒಂದು 'ತಕ್ಕದ್ದು' ಬಿಡಲು ತಯಾರಿರಲಿಲ್ಲ. ಹಾಗಾದರೆ ಇಷ್ಟುದ್ದಕ್ಕೆ ಸಾಲುವುದು ಓರೆ ಅಕ್ಷರ ಒಂದೇ ಎಂದರು ಪ್ರೆಸ್ಸಿನವರು.

ಮರುದಿನ ದಪ್ಪಕ್ಷರದ ಫಲಕದ ಪಕ್ಕ ಇನ್ನೊಂದು ಬಂತು. ಬಳ್ಳಿಯ ಹಾಗೆ ಬಳುಕುವ ಅಕ್ಷರ. ಯಾರ ಮನೆಯ ಮದುವೆ ಎಂದು ಗ್ಯಾಸಿನವನು ಕೇಳಿದ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತೇ ಮೆಚ್ಚಿಕೊಂಡಳು. ಕುರ್ಚಿ ಅಲ್ಲಾಡಲಿಲ್ಲ.

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರು ಇಬ್ಬರು ಆಳುಗಳ ಸಮೇತ ಬಂದರು. ಈ ಸಲ ಎತ್ತಿಯೇ ತೀರುವುದು ಎಂದು ಕಾರ್ಯದರ್ಶಿಗಳು ರಜೆ ಹಾಕಿ ಕಾದಿದ್ದರು. ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಮೇಲಿನ ಮೆಟ್ಟಿಲಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಆ ಹೊತ್ತು ಅವಳು ಮನಸ್ಸಿನಲ್ಲಿ ಸಾಮಾನು ಕಟ್ಟುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಇನ್ಸ್‌ಪೆಕ್ಟರು ಏದುಸಿರು ಬಿಡುತ್ತ ಬಂದು, ಕೊನೆಯ ಸಲ ಕೇಳ್ತಿದ್ದೀನಿ, ಇದು ಯಾರ ಆಜ್ಞೆ ಎಂದರು.

ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಆ ದಿನವೂ ದಾಟುತ್ತಿತ್ತೋ ಏನೋ. ನಾನು ಭಾವನ ತೋಳು ಹಿಡಿದುಕೊಂಡೆ. ಅವರು ಬಿಡಿಸಿಕೊಂಡು ಮುಂದೆ ಹೋದರು.

"ಆಜ್ಞೆ ಅಲ್ಲ ಸಾರ್. ಅದು ನಾನು ಹಾಕಿಸಿದ್ದು. ಧನ್ಯವಾದ ಹೇಳೋಕೆ ಹೋಗಿದ್ದೆ, ಅಕ್ಷರ ಸಾಲಲಿಲ್ಲ."

ಕಾರ್ಯದರ್ಶಿಗಳಿಗೆ ತಾವು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತ ಸಂಜೆ ನೆನಪಾಗಿರಬೇಕು, ಮುಖ ಕೆಂಪಗಾಯಿತು. ಇದು ಮೋಸ, ಸರ್ಕಾರದ ಅಕ್ಷರ ಕದ್ದಿದ್ದಾರೆ, ಕೇಸು ಹಾಕಿ ಎಂದರು. ಇನ್ಸ್‌ಪೆಕ್ಟರು ಕಡತದ ನಿಯಮಗಳನ್ನು ತಿರುವತೊಡಗಿದರು. ಅಡಚಣೆಯ ಬಗ್ಗೆ ಇತ್ತು, ಕಸದ ಬಗ್ಗೆ ಇತ್ತು, ಮೆಟ್ಟಿಲಲ್ಲಿ ಸಾಕುವ ಕೋಳಿಯ ಬಗ್ಗೆಯೂ ಇತ್ತು. ಅಕ್ಷರ ಎಷ್ಟು ದಪ್ಪ ಇರಬಹುದು ಎಂದು ಎಲ್ಲೂ ಇರಲಿಲ್ಲ.

ಅವರು ಪುಟ ತಿರುವುತ್ತಿರುವಾಗ ಭಾವ ಕಿಸೆಯಿಂದ ತಮ್ಮ ಹಳೆಯ ಪುಟ ತೆಗೆದು, ಯಾರೂ ಕೇಳದಿದ್ದರೂ, ಓದಲು ಶುರು ಮಾಡಿದರು. ಟೀಚರಮ್ಮನವರ ಔದಾರ್ಯ ಬಂತು. ದಿನವೂ ಸ್ವಂತ ಕಾಲಿನ ಮೇಲೆ ಮನೆ ಸೇರುವುದು ಬಂತು. ನನ್ನ ಹಾಗೆ ದಣಿದು ಬಂದವರು ಯಾರೇ ಆಗಲಿ ಎಂಬಲ್ಲಿ ಇನ್ಸ್‌ಪೆಕ್ಟರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಈ ಸಲ ಅವರು ಗೋಡೆಯ ಕಡೆ ನೋಡಿರಲಿಲ್ಲ. ಮುಖ್ಯವಾಗಿ ಮೊಟ್ಟೆ ಎಂಬಲ್ಲಿ ಅವರ ಹೊಟ್ಟೆ ಕುಲುಕಿತು.

ಟೀಚರಮ್ಮ ಮಾತ್ರ ನಗಲಿಲ್ಲ. ಇದನ್ನೆಲ್ಲ ಆವತ್ತೇ ನನಗೆ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ, ಬಾಗಿಲಿಗೆ ಕೈಮುಗಿದು ಹೋಗ್ತಿದ್ದಿರಲ್ಲ ಎಂದು ಗದರಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅದೆಲ್ಲ ಸರಿ ಯಜಮಾನ್ರೇ," ಎಂದರು ಇನ್ಸ್‌ಪೆಕ್ಟರು. "ಆದರೆ ಕುರ್ಚಿ ಇರೋ ಹಾಗಿಲ್ಲ. ಬೆಂಕಿ ಬಿದ್ದರೆ ನಿಮ್ಮ ಮನೆಯವರೇ ಎಡವಿ ಬೀಳ್ತಾರೆ. ನಾನು ಬರಕೊಂಡು ಹೋಗ್ಲೇಬೇಕು."

ಇಷ್ಟು ಹೊತ್ತು ಸುಮ್ಮನಿದ್ದವನು ಆಗ ನಾನು ಬಾಯಿಬಿಟ್ಟೆ. ಅಕ್ಷರದ ವಿಚಾರ ನನಗೆ ತಿಳಿಯದು, ಬಿಜಾಗರಿಯ ವಿಚಾರ ತಿಳಿಯುತ್ತದೆ. ನಿಂತಿರುವ ವಸ್ತು ಇರಬಾರದು, ಸರಿ. ಗೋಡೆಗೆ ಸೇರಿದ ಹಲಗೆ ಆದರೆ? ಎರಡು ಬಿಜಾಗರಿ, ಕೆಳಗೊಂದು ಆನಿಕೆ. ಕೂರುವಾಗ ಇಳಿಸುವುದು, ಎದ್ದರೆ ತಾನೇ ಗೋಡೆಗೆ ಮಡಚಿಕೊಳ್ಳುವ ಹಾಗೆ ಸ್ಪ್ರಿಂಗು. ಮಡಚಿದರೆ ಒಂದು ಅಂಗೈ ಅಗಲವೂ ಮುಂದೆ ಬರುವುದಿಲ್ಲ. ಇನ್ಸ್‌ಪೆಕ್ಟರು ಎದ್ದು ಗೋಡೆ ಮುಟ್ಟಿ ನೋಡಿದರು, ಅಳತೆ ಮಾಡಿದರು. ಗೋಡೆಗೆ ಸೇರಿದ್ದು ಗೋಡೆಯೇ ಆಗುತ್ತೆ ಎಂದು ತಮಗೆ ತಾವೇ ಹೇಳಿಕೊಂಡರು. 'ಕುರ್ಚಿಯನ್ನು ತೆರವುಗೊಳಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ಬಂದ ಇಬ್ಬರು ಆಳುಗಳು ಕುರ್ಚಿ ಎತ್ತಿ ಟೀಚರಮ್ಮನ ಹೊಸಿಲ ಒಳಗೆ ಇಟ್ಟುಹೋದರು.

ಹಲಗೆ ನಾನು ಮರುದಿನವೇ ಕೂರಿಸಿದೆ. ಸ್ಪ್ರಿಂಗು ಹಿಡಿಯಲು ಕಾರ್ಯದರ್ಶಿಗಳೇ ಬಂದರು. ನಿಯಮಕ್ಕೆ ಒಳಪಟ್ಟ ಕೆಲಸ ಎಂದರೆ ಅವರಿಗೆ ಬಹಳ ಪ್ರೀತಿ. ಹಿಡಿದುಕೊಂಡಿರುವಾಗ, ಮೊಟ್ಟೆ ನಮ್ಮ ಮನೆಯದಲ್ಲ ಎಂದು ಯಾರೂ ಕೇಳದೆ ಹೇಳಿದರು.

ಓರೆ ಅಕ್ಷರದ ಫಲಕವನ್ನು ಇನ್ಸ್‌ಪೆಕ್ಟರು ಕಿತ್ತುಕೊಂಡು ಹೋದರು. ಆ ಖಾಲಿ ಜಾಗದಲ್ಲಿ ಭಾವ ತಮ್ಮ ಪೂರ್ತಿ ಪುಟವನ್ನು ಸಣಕಲು ಅಕ್ಷರದಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದಾರೆ, ಕೆಳಗೆ ಇನ್ಸ್‌ಪೆಕ್ಟರಿಗೂ, ಕಾರ್ಯದರ್ಶಿಗಳಿಗೂ, ಪ್ರೆಸ್ಸಿನವರಿಗೂ, ನನಗೂ, ಸ್ಪ್ರಿಂಗಿಗೂ ಕೃತಜ್ಞತೆ ಸೇರಿಸಿ. ಅದನ್ನು ಯಾರೂ ಓದುವುದಿಲ್ಲ. ದಪ್ಪಕ್ಷರದ ಫಲಕ ಇದ್ದಲ್ಲೇ ಇದೆ. ಅದನ್ನು ಎಲ್ಲರೂ ಓದುತ್ತಾರೆ, ಕೂರುತ್ತಾರೆ. ಆದರೆ ಈಗ ಬಹಳ ಹೊತ್ತು ಯಾರೂ ಕಾಯುವುದಿಲ್ಲ, ಎದುರಿನ ಬಾಗಿಲು ತೆರೆದೇ ಇರುತ್ತದೆ, ಒಳಗೆ ಕೈಯಿರುವ ಕುರ್ಚಿಯಲ್ಲಿ ಟೀಚರಮ್ಮ ಕೂತಿರುತ್ತಾರೆ. ಭಾವ ಹತ್ತಿ ಬರುವ ಸದ್ದು ಕೇಳಿದರೆ ಹಲಗೆಯ ಮೇಲೆ ಕೂತವರನ್ನು ಅವರೇ ಎಬ್ಬಿಸುತ್ತಾರೆ.

ಹೋದದ್ದು: ಮೂರು ಕಾಫಿ, ಒಂದು ಊಟ, ಒಂದು ಬುಟ್ಟಿ ಮೊಟ್ಟೆ, ನನ್ನ ಅಂಗಡಿಯ ಎರಡು ಬಿಜಾಗರಿ ಮತ್ತು ಒಂದು ಸ್ಪ್ರಿಂಗು. ಉಳಿದದ್ದು: ನಾಲ್ಕನೇ ಮಹಡಿಯ ಮನೆ. ಅಕ್ಕ ಈಗಲೂ ಸಂಜೆಯ ಬಿಸಿಲಲ್ಲೇ ಹೊಲಿಯುತ್ತಾಳೆ.